ಕೇಪಿನ ಕೋವಿ: ತುಂಬುವಾಗ ತಪ್ಪಾಗದಿರಲು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ತೋಟದ ಮನೆಗಳಲ್ಲಿ ಈಗಲೂ ಕೇಪಿನ ಕೋವಿ, ಅಂದರೆ ಬಾಯಿಂದ ಮದ್ದು ತುಂಬಿ, ಬಡಿದರೆ ಕಿಡಿ ಹಾರುವ ಕೇಪು ಎಂಬ ಪುಟ್ಟ ಲೋಹದ ಟೊಪ್ಪಿ ಇಟ್ಟು ಹಾರಿಸುವ ಕೋವಿ, ನೋಡಲು ಸಿಗುತ್ತದೆ. ಘಟ್ಟದ ಕೆಳಗೆ ಅಂಕೋಲಾ, ಕುಮಟಾ, ಹೊನ್ನಾವರ, ಕಾರವಾರದ ಹಳ್ಳಿಗಳಲ್ಲೂ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿಕೊಂಡವರಿದ್ದಾರೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಬರುತ್ತದೆ. ಮಂಗ ಎಳೆ ಅಡಿಕೆ ಉದುರಿಸುತ್ತದೆ. ಕಾಡುಕೋಣ ಒಂದು ರಾತ್ರಿ ಬಂದುಹೋದರೆ ಬಾಳೆ ಸಾಲೇ ನೆಲಕಚ್ಚಿರುತ್ತದೆ. ಕೋವಿ ಇಟ್ಟುಕೊಂಡ ಹೆಚ್ಚಿನವರಿಗೆ ಬೇಕಾದ್ದು ಒಂದು ದೊಡ್ಡ ಸದ್ದು. ಪ್ರಾಣಿ ಗಾಬರಿಯಾಗಿ ಬೆಟ್ಟ ಹತ್ತಿದರೆ ಸಾಕು.

ಗುರಿ ಇಡುವುದು ಹೇಗೆ ಅಂತ ಹೇಳಿಕೊಡುವವರು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತುಂಬುವುದನ್ನು ಸರಿಯಾಗಿ ಹೇಳಿಕೊಡುವವರು ಕಡಿಮೆ. ಅಪಾಯ ಜಾಸ್ತಿ ಇರುವುದು ಅಲ್ಲೇ. ತೋಟಾ ಕೋವಿಯಾದರೆ ಮಡಚಿ ನೋಡಿದರೆ ಆಯಿತು, ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿಯ ನಳಿಗೆ ಹಿಂದುಗಡೆ ಮುಚ್ಚಿರುತ್ತದೆ. ಮದ್ದು, ಅದರ ಮೇಲೆ ಜಡಿಯುವ ತೆಂಗಿನ ಕತ್ತದ (ನಾರಿನ) ಉಂಡೆ, ಗುಂಡು ಅಥವಾ ಚರೆ (ಸಣ್ಣ ಸೀಸದ ಕಾಳು), ಎಲ್ಲವೂ ಬಾಯಿಂದಲೇ ಒಳಗೆ ಹೋಗಬೇಕು. ಒಳಗೆ ಏನಿದೆ, ಎಷ್ಟಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಕೈಯಲ್ಲಿರುವ ಕೋವಿಯೊಳಗೆ ಏನಿದೆ ಎಂದು ಊಹೆ ಮಾಡಬಾರದು, ಪ್ರತಿ ಸಲ ಅಳೆದೇ ತಿಳಿಯಬೇಕು.

ಮೊದಲ ಕೆಲಸ: ಗಜಕ್ಕೆ ಎರಡು ಗುರುತು

ಮದ್ದು ಜಡಿಯುವ ಕೋಲಿಗೆ ನಮ್ಮಲ್ಲಿ ಗಜ ಅನ್ನುತ್ತೇವೆ. ಕೇಪಿನ ಕೋವಿಯೊಳಗೆ ನೋಡಲು ನಮಗಿರುವ ಕಣ್ಣು ಅದೊಂದೇ.

ಕೋವಿ ಖಾಲಿ ಇದೆ ಎಂದು ಖಚಿತವಾಗಿ ಗೊತ್ತಿರುವಾಗ, ಅಂದರೆ ತೊಳೆದು ಒರೆಸಿ ಇಟ್ಟ ಹೊತ್ತಿನಲ್ಲಿ, ಗಜವನ್ನು ನಳಿಗೆಯ ತಳ ಮುಟ್ಟುವ ತನಕ ಇಳಿಸಿ. ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಚೂರಿಯಿಂದ ಒಂದು ಸುತ್ತು ಗೀರು ಹಾಕಿ. ಇದು ಖಾಲಿ ಗುರುತು. ಮುಂದೆ ನಿಮ್ಮ ಕೋವಿಗೆ ಸರಿಯಾದ ಅಳತೆಯಲ್ಲಿ ತುಂಬಿ, ಚೆನ್ನಾಗಿ ಕೂರಿಸಿದ ಮೇಲೆ ಮತ್ತೆ ಗಜ ಇಳಿಸಿ. ಈ ಸಲ ಗಜ ಕೆಲವು ಬೆರಳು ಮೇಲೆ ನಿಲ್ಲುತ್ತದೆ. ಅಲ್ಲಿ ಎರಡನೇ ಗೀರು. ಕೆಂಪು ಬಣ್ಣ ಹಚ್ಚಿದರೆ ರಾತ್ರಿ ಬ್ಯಾಟರಿ ಬೆಳಕಿಗೂ ಕಾಣುತ್ತದೆ.

ಇಷ್ಟು ಮಾಡಿಟ್ಟರೆ ಅರ್ಧ ಅಪಾಯ ದೂರವಾದಂತೆ. ಖಾಲಿ ಗುರುತು ಬಾಯಿಯ ಮಟ್ಟಕ್ಕೆ ಬಂದರೆ ಕೋವಿ ಖಾಲಿ. ಕೆಂಪು ಗೀರಿನ ಮಟ್ಟಕ್ಕೆ ನಿಂತರೆ ತುಂಬಿದೆ. ಕೆಂಪು ಗೀರೂ ಮೇಲೆ ಎದ್ದು ನಿಂತರೆ ಎರಡು ಸಲ ತುಂಬಿದ್ದಾರೆ, ಇಲ್ಲವೇ ಗುಂಡು ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡಿದೆ. ಆ ಕೋವಿಗೆ ಕೇಪು ಇಡಲೇಬಾರದು.

ಕೆಲವು ಹಿರಿಯರು ಗಜವನ್ನು ನಳಿಗೆಯೊಳಗೆ ಬಿಟ್ಟು ಸದ್ದು ಕೇಳಿಯೇ ಹೇಳುತ್ತಾರೆ. ಗಜದ ತುದಿಗೆ ಹಿತ್ತಾಳೆ ಇದ್ದರೆ ಖಾಲಿ ನಳಿಗೆಯಲ್ಲಿ ಠಣ್ಣೆನ್ನುತ್ತದೆ, ತುಂಬಿದ್ದರೆ ದೊಪ್ಪೆನ್ನುತ್ತದೆ. ಸದ್ದು ಕೇಳಿ, ಒಳ್ಳೆಯದೇ. ಆದರೆ ಗೀರು ನೋಡದೆ ಬಿಡಬೇಡಿ. ತಳದಲ್ಲಿ ಮಸಿ ಕಟ್ಟಿದ್ದರೆ ಸದ್ದು ಮೋಸ ಮಾಡುತ್ತದೆ.

ಆಯುಧ ಪೂಜೆಗೆ ಕೋವಿ ಕೆಳಗಿಳಿಸುವ ದಿನ, ಚುನಾವಣೆ ಬಂತೆಂದು ಠಾಣೆಗೆ ಜಮಾ ಮಾಡಲು ತೆಗೆಯುವ ದಿನ, ಅಟ್ಟ ಗುಡಿಸುವ ದಿನ, ಈ ಮೂರೂ ದಿನ ವಿಶೇಷ ಎಚ್ಚರ ಬೇಕು. ಕಳೆದ ಬೇಸಿಗೆಯಲ್ಲಿ ತುಂಬಿದ್ದು ಹಾಗೇ ಉಳಿದಿರಬಹುದು. ಕೋವಿಯನ್ನು ಯಾರೇ ಕೈಗೆ ಕೊಡಲಿ, "ಖಾಲಿ ಇದೆ ತಮ್ಮಾ" ಎಂದು ಅಪ್ಪನೇ ಹೇಳಲಿ, ಗಜ ಇಳಿಸಿ ನೋಡಿ. ಇದು ಅಪ್ಪನ ಮೇಲಿನ ಅಪನಂಬಿಕೆ ಅಲ್ಲ.

ಮದ್ದಿನ ವಿಷಯದಲ್ಲಿ ರಾಜಿ ಬೇಡ

ಈ ಕೋವಿಗೆ ಹಾಕಬೇಕಾದ್ದು ಲೈಸೆನ್ಸ್ ಇರುವ ಅಂಗಡಿಯಿಂದ ತಂದ ಕರಿಮದ್ದು ಮಾತ್ರ. ಕೆಲವರು ಹನ್ನೆರಡು ಬೋರಿನ ತೋಟಾ ಬಿಚ್ಚಿ ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಸುರಿಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ತೋಟಾದೊಳಗೆ ಇರುವುದು ಹೊಗೆರಹಿತ ಮದ್ದು. ಅದು ಉರಿದು ಹುಟ್ಟಿಸುವ ಒತ್ತಡ ಕರಿಮದ್ದಿನದಕ್ಕಿಂತ ಬಹಳ ಜಾಸ್ತಿ. ಕರಿಮದ್ದಿನ ಲೆಕ್ಕದಲ್ಲಿ ಮಾಡಿದ ಹಳೆಯ ನಳಿಗೆ ಅದನ್ನು ತಡೆಯುವುದಿಲ್ಲ. ಒಡೆಯುವುದು ಎಡಗೈ ಹಿಡಿದಿರುವ ಜಾಗದಲ್ಲಿ, ಇಲ್ಲವೇ ಮುಖದ ಹತ್ತಿರ. ಪಟಾಕಿಯ ಮದ್ದು, ಬೆಂಕಿಪೊಟ್ಟಣದ ಕಡ್ಡಿಯ ಮದ್ದು ಕೂಡ ಬೇಡ. ಅವು ಉರಿಯುವ ರೀತಿಯೇ ಬೇರೆ. ಮನೆಯಲ್ಲೇ ಮದ್ದು ತಯಾರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕಂಟಕ.

ಅಳತೆ ಎಷ್ಟು? ಅದು ಕೋವಿಯಿಂದ ಕೋವಿಗೆ ಬೇರೆ. ನಳಿಗೆಯ ಅಗಲ, ದಪ್ಪ, ವಯಸ್ಸು ಎಲ್ಲ ಲೆಕ್ಕಕ್ಕೆ ಬರುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ, ಅವರು ಹೇಳಿದ ಅಳತೆಗೆ ಒಂದು ಹಿತ್ತಾಳೆಯ ಅಳತೆ ಕೊಳವೆ ಮಾಡಿಸಿಕೊಳ್ಳಿ. ಅಂಗೈಯಲ್ಲಿ ಅಂದಾಜು ಮಾಡಿ ಸುರಿಯುವ ಅಭ್ಯಾಸ ಬಿಟ್ಟುಬಿಡಿ. "ಸ್ವಲ್ಪ ಜಾಸ್ತಿ ಇರಲಿ, ಸದ್ದು ಜೋರಾಗಿ ಬರಲಿ" ಎನ್ನುವ ಆಸೆಯೇ ನಳಿಗೆ ಸೀಳುವುದಕ್ಕೆ ದಾರಿ.

ಗುಂಡಿನ ವಿಷಯದಲ್ಲೂ ಹಾಗೇ. ಸೈಕಲ್ ಬೇರಿಂಗಿನ ಗುಂಡು, ಮೊಳೆ ತುಂಡು, ಕಲ್ಲು ಯಾವುದೂ ಬೇಡ. ನಳಿಗೆಗೆ ಗೀರು ಬೀಳುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಸೀಸದ ಗುಂಡು ಮುಟ್ಟಿದ ಮೇಲೆ ಕೈ ತೊಳೆಯದೆ ಕವಳ (ಎಲೆಅಡಿಕೆ) ಹಾಕಬೇಡಿ.

ತುಂಬುವ ಕ್ರಮ

ತುಂಬುವಾಗ ಒಬ್ಬರೇ ಇರಿ. ಪಕ್ಕದಲ್ಲಿ ಮಕ್ಕಳು ಬೇಡ, ಮಾತು ಬೇಡ, ಬೀಡಿ ಸಿಗರೇಟು ಬೇಡವೇ ಬೇಡ. ಚಿಮಣಿ ದೀಪವೂ ಹತ್ತಿರ ಇರಬಾರದು. ಫೋನು ಕಿಸೆಯಿಂದ ತೆಗೆದು ಒಳಗಿಟ್ಟು ಬನ್ನಿ.

ಮೊದಲು ಗಜ ಇಳಿಸಿ, ಖಾಲಿ ಗುರುತು ನೋಡಿ. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಎತ್ತಿ, ನಿಪ್ಪಲ್ (ಕೇಪು ಕೂರುವ, ತೂತಿರುವ ಸಣ್ಣ ಮೊನೆ) ಮೇಲೆ ಹಳೆಯ ಕೇಪು ಇದೆಯಾ ನೋಡಿ. ಇದ್ದರೆ ತೆಗೆಯಿರಿ. ಹಚ್ಚಿಟ್ಟ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ನಿಪ್ಪಲಿನ ಸಣ್ಣ ತೂತಿಗೆ ಇಳಿದು ಕೂತರೆ ಕೇಪಿನ ಕಿಡಿ ಮದ್ದಿಗೆ ತಲುಪುವುದಿಲ್ಲ.

ತೂತು ತೆರೆದಿದೆಯಾ ಎಂದು ತಿಳಿಯಲು ಒಂದು ಸುಲಭ ಉಪಾಯ ಇದೆ. ಮದ್ದಿನ ಡಬ್ಬಿ ದೂರ ಇಟ್ಟು, ಖಾಲಿ ಎಂದು ಖಚಿತ ಮಾಡಿಕೊಂಡ ಕೋವಿಗೆ ಒಂದು ಕೇಪು ಇಡಿ. ಅಂಗಳದಾಚೆ ಯಾರೂ ಇಲ್ಲದ ಕಡೆ ನಳಿಗೆಯ ಬಾಯಿಯನ್ನು ಒಂದು ಹಸಿರು ಹುಲ್ಲಿನ ಎಸಳಿನ ಹತ್ತಿರ ಹಿಡಿದು ಕೇಪು ಹೊಡೆಯಿರಿ. ಎಸಳು ಅಲ್ಲಾಡಿದರೆ ದಾರಿ ತೆರೆದಿದೆ. ಎಸಳು ಮಿಸುಕದೆ ಬರೀ ಚಟ್ ಎಂದರೆ ಒಳಗೆ ಕಟ್ಟಿಕೊಂಡಿದೆ, ನಿಪ್ಪಲ್ ಬಿಚ್ಚಿ ತೊಳೆಯಬೇಕು. ಈ ಒಂದು ಕೇಪಿನ ಖರ್ಚು ಉಳಿಸಲು ಹೋಗಬೇಡಿ. ಆಮೇಲೆ ಒಡೆದ ಕೇಪು ತೆಗೆದು, ನಳಿಗೆ ಒಮ್ಮೆ ಒರೆಸಿ, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ. ಗುಂಡು ಜಡಿಯುವಾಗ ಒಳಗಿನ ಗಾಳಿ ನಿಪ್ಪಲಿನಿಂದ ಹೊರಗೆ ಹೋಗಬೇಕು.

ಕೋವಿಯ ಹಿಡಿ ನೆಲದ ಮೇಲಿರಲಿ, ಬಾಯಿ ನಿಮ್ಮ ಮುಖದಿಂದ ಆಚೆಗೆ ವಾಲಿರಲಿ. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಹಿಂದಿನ ಈಡಿನ (ಹೊಡೆತದ) ಕಿಡಿ ಒಳಗೆ ಉಳಿದಿದ್ದರೆ ಬೆಂಕಿ ಡಬ್ಬಿಗೇ ಹತ್ತುತ್ತದೆ, ಕೈಯಲ್ಲೇ ಸಿಡಿಯುತ್ತದೆ. ಮೊದಲು ಅಳತೆ ಕೊಳವೆಗೆ ಹಾಕಿಕೊಳ್ಳಿ. ಡಬ್ಬಿಯ ಮುಚ್ಚಳ ಬಿಗಿ ಮಾಡಿ ನಾಲ್ಕು ಹೆಜ್ಜೆ ದೂರ ಇಡಿ. ಆಮೇಲೆ ಕೊಳವೆಯಿಂದ ನಳಿಗೆಗೆ.

ಮದ್ದಿನ ಮೇಲೆ ಕತ್ತದ ಉಂಡೆ, ಅದರ ಮೇಲೆ ಚರೆ, ಚರೆ ಉದುರದಂತೆ ಮೇಲೊಂದು ತೆಳು ರಟ್ಟು. ಗಜವನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಬೆರಳ ತುದಿಯಿಂದ ಹಿಡಿದು ಸಣ್ಣ ಸಣ್ಣ ನೂಕಿನಲ್ಲಿ ಇಳಿಸಿ. ಅಂಗೈಯನ್ನು ಗಜದ ತಲೆಯ ಮೇಲೆ ಇಟ್ಟು ಒತ್ತಲೇಬೇಡಿ. ಅಕಸ್ಮಾತ್ ಹಾರಿದರೆ ಗಜ ಅಂಗೈ ತೂರಿಕೊಂಡು ಹೋಗುತ್ತದೆ. ಒನಕೆಯಲ್ಲಿ ಕುಟ್ಟಿದ ಹಾಗೆ ಕುಟ್ಟುವುದೂ ಬೇಡ. ತಳಕ್ಕೆ ಮುಟ್ಟಿ ಗಟ್ಟಿಯಾಗಿ ಕೂತರೆ ಸಾಕು.

ಇಲ್ಲಿ ಆಗುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಉಂಡೆಯಾಗಲಿ ಗುಂಡಾಗಲಿ ಮದ್ದಿಗೆ ತಾಗಿಯೇ ಕೂರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆಯೊಳಗೆ ಅಡೆತಡೆ ಇಟ್ಟಂತೆ. ಮದ್ದು ಹತ್ತಿದಾಗ ಗುಂಡು ಇರುವ ಜಾಗದಲ್ಲಿ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ತುಂಬುವಾಗ ಸರಿಯಾಗಿ ಕೂತದ್ದೂ ಆಮೇಲೆ ಜರುಗಬಹುದು. ಕೋವಿಯನ್ನು ಬಾಯಿ ಕೆಳಗೆ ಮಾಡಿ ಹೆಗಲಿಗೆ ಹಾಕಿಕೊಂಡು ಬೆಟ್ಟ ಇಳಿದಿರಿ, ತೋಟದ ದಬ್ಬೆ ಸಂಕ (ಅಡಿಕೆ ಮರದ ಕಾಲುಸೇತುವೆ) ದಾಟುವಾಗ ಕುಲುಕಿತು, ಸಾಕು. ಮಾಳ (ಬೆಳೆ ಕಾಯುವ ಅಟ್ಟಣಿಗೆ) ಸೇರಿದ ಕೂಡಲೇ ಕೇಪು ಇಡುವ ಮುಂಚೆ ಗಜ ಇಳಿಸಿ ಕೆಂಪು ಗೀರು ನೋಡಿ. ಜೋಡು ನಳಿಗೆಯಾದರೆ ಇನ್ನೂ ಎಚ್ಚರ. ಒಂದು ಈಡು ಹಾರಿದ ಒದೆತಕ್ಕೆ ಪಕ್ಕದ ನಳಿಗೆಯ ಗುಂಡು ಮುಂದಕ್ಕೆ ಜರುಗುತ್ತದೆ. ಹಾರಿದ ನಳಿಗೆಗೆ ಮತ್ತೆ ತುಂಬುವ ಮುಂಚೆ ಪಕ್ಕದ್ದರ ಕೇಪು ತೆಗೆಯಿರಿ, ಅದನ್ನೂ ಗಜ ಹಾಕಿ ಕೂರಿಸಿ.

ಕೊನೆಗೆ ಗಜವನ್ನು ಅದರ ಜಾಗದಲ್ಲಿ ಸೇರಿಸಿ. ಗಜ ನಳಿಗೆಯೊಳಗೇ ಮರೆತು ಈಡು ಹೊಡೆಯುವುದು ಗಡಿಬಿಡಿಯಲ್ಲಿ ಯಾರಿಗೂ ಆಗಬಹುದಾದ ತಪ್ಪು. ಗಜ ಬಾಣದ ಹಾಗೆ ಹಾರುತ್ತದೆ, ನಳಿಗೆಯೂ ಉಳಿಯುವುದು ಕಷ್ಟ. ಅದಕ್ಕೇ ಕೇಪು ಎಲ್ಲಕ್ಕಿಂತ ಕಡೆಗೆ. ಈಡು ಹೊಡೆಯುವ ಜಾಗದಲ್ಲಿ, ಬಾಯಿ ಮಣ್ಣಿನ ಧರೆಯ (ದಿಬ್ಬದ ಗೋಡೆಯ) ಕಡೆಗೆ ತಿರುಗಿರುವಾಗ, ಆಗ ಮಾತ್ರ ಕೇಪು. ಮನೆಯಿಂದಲೇ ಕೇಪು ಇಟ್ಟುಕೊಂಡು ಹೊರಡುವವರು ಅರ್ಧ ಕುದುರೆಯನ್ನು ನಂಬುತ್ತಾರೆ. ಹಳೆಯ ಕೋವಿಯಲ್ಲಿ ಕುದುರೆಯನ್ನು ಅರ್ಧಕ್ಕೆ ಹಿಡಿದಿಡುವ ಕಚ್ಚು ಸವೆದಿರುತ್ತದೆ. ಒಂದು ಬಳ್ಳಿ ತಾಗಿದರೂ ಕುದುರೆ ಬೀಳಬಹುದು.

ಮಧ್ಯದಲ್ಲಿ ಯಾರೋ ಕರೆದರು ಎಂದುಕೊಳ್ಳಿ. "ಭಾವಾ, ಚಾ ತಣಿದು ಹೋಯ್ತು" ಅಂತ ಒಳಗಿನಿಂದ ಕೂಗಿದರು, ನೀವು ಎದ್ದು ಹೋಗಿ ಬಂದಿರಿ. ಮದ್ದು ಹಾಕಿ ಆಗಿತ್ತಾ, ಇಲ್ಲವಾ? ಹಾಕಿದ್ದೆ ಎಂದು ನೆನಪಿನ ಮೇಲೆ ಮುಂದುವರಿಯಬೇಡಿ, ಹಾಕಿಲ್ಲ ಎಂದು ಇನ್ನೊಂದು ಅಳತೆಯನ್ನೂ ಸುರಿಯಬೇಡಿ. ಗಜ ಇಳಿಸಿ ನೋಡಿ. ಗೀರಿಗೆ ತಾಳೆಯಾಗದಿದ್ದರೆ ಮದ್ದು ಹೊರಗೆ ಸುರಿದು ಮೊದಲಿಂದ ಶುರು ಮಾಡಿ. ಎರಡು ಸಲ ಮದ್ದು ಬೀಳುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ.

ಇನ್ನೊಂದು ಈಡು ಬೇಕಾದರೆ ಕೂಡಲೇ ಮದ್ದು ಸುರಿಯಬೇಡಿ. ಹಸಿಬಟ್ಟೆ ಸುತ್ತಿದ ಗಜವನ್ನು ತಳದವರೆಗೆ ಇಳಿಸಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಸುಮ್ನೆ ಐದು ನಿಮಿಷ ಕಾದರೆ ಕಿಡಿ ಆರಿರುತ್ತದೆ ಎಂಬ ನಂಬಿಕೆ ಸಾಲದು.

ಕೇಪು ಒಡೆದರೂ ಈಡು ಹಾರದಿದ್ದರೆ

ಕೋವಿ ಕೆಳಗಿಳಿಸಬೇಡಿ. ಬಾಯಿ ಇದ್ದ ಕಡೆಯೇ ಇರಲಿ. ಮದ್ದು ಒದ್ದೆಯಾಗಿದ್ದರೆ ಕಿಡಿ ಹತ್ತಿ ನಿಧಾನಕ್ಕೆ ಉರಿದು, ಕೆಲವು ಸೆಕೆಂಡ್ ಬಿಟ್ಟು ಹಾರಬಹುದು. ಕನಿಷ್ಠ ಒಂದು ನಿಮಿಷ ಹಾಗೇ ಹಿಡಿದಿರಿ, ಎರಡು ನಿಮಿಷವಾದರೆ ಇನ್ನೂ ಒಳ್ಳೆಯದು. ಬಾಯಿಯೊಳಗೆ ಇಣುಕಿ ನೋಡುವುದು, ಊದುವುದು ಯಾವತ್ತೂ ಬೇಡ.

ಕಾದ ಮೇಲೆ ಹಳೆಯ ಕೇಪು ತೆಗೆದು, ಸಪೂರ ತಂತಿಯಿಂದ ನಿಪ್ಪಲಿನ ತೂತು ಬಿಡಿಸಿ, ಹೊಸ ಕೇಪು ಇಟ್ಟು ಅದೇ ದಿಕ್ಕಿಗೆ ಹೊಡೆಯಿರಿ. ಮತ್ತೂ ಹಾರದಿದ್ದರೆ ಹಟ ಸಾಕು. ಮೇಲಿಂದ ಇನ್ನಷ್ಟು ಮದ್ದು ಹಾಕಿ ಹಾರಿಸೋಣ ಎನ್ನುವವರ ಮಾತು ಕೇಳಬೇಡಿ. ಕೇಪು ತೆಗೆದು, ಮತ್ತೆ ಒಂದೆರಡು ನಿಮಿಷ ಕಾದು, ನಿಪ್ಪಲಿನ ಕಡೆಯಿಂದಲೂ ಬಾಯಿಂದಲೂ ನೀರು ಬಿಟ್ಟು ಮದ್ದು ನೆನೆಸಿ. ತೆಗೆಯುವ ಕೆಲಸವನ್ನು ಲೈಸೆನ್ಸ್ ಇರುವ ರಿಪೇರಿಯವರಿಗೆ ಬಿಡಿ, ಒಳಗೆ ತುಂಬಿದೆ ಎಂದು ಮೊದಲೇ ಹೇಳಿ. ಒದ್ದೆ ಮದ್ದು ಒಣಗಿದ ಮೇಲೆ ಮತ್ತೆ ಹತ್ತಬಲ್ಲದು, ನೆನೆಸಿದ್ದೇವೆ ಎಂದು ಮೈಮರೆಯುವ ಹಾಗಿಲ್ಲ.

ಕಟ್ಟಿಕೊಂಡ ನಳಿಗೆಯನ್ನು ಒಲೆಗೆ ಹಿಡಿಯುವುದು, ಕಾಯಿಸಿ ಹಿಂಬದಿ ತಿರುಪು ಬಿಚ್ಚುವುದು, ಕಬ್ಬಿಣದ ಸಲಾಕೆ ಹಾಕಿ ಬಡಿಯುವುದು, ಇವೆಲ್ಲ ಸಾವನ್ನು ಕರೆದಂತೆ. ಸೀಳು ಬಿಟ್ಟ ನಳಿಗೆಗೆ ಊರಲ್ಲೇ ಬೆಸುಗೆ ಹಾಕಿಸುವುದೂ ಅಷ್ಟೇ. ಉಬ್ಬಿದ, ಸೀಳಿದ ನಳಿಗೆ ಮತ್ತೆ ಕೆಲಸಕ್ಕೆ ಬಾರದು.

ನಮ್ಮ ಮಳೆ, ನಮ್ಮ ಉಪ್ಪುಗಾಳಿ

ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರುತ್ತದೆ. ಆಷಾಢದ ಶಿರಸಿಯಲ್ಲಿ ಒಂದು ರಾತ್ರಿ ತೊಳೆಯದೆ ಬಿಟ್ಟರೆ ಬೆಳಿಗ್ಗೆ ತುಕ್ಕು ಕಾಣುತ್ತದೆ. ಕಾರವಾರ, ಅಂಕೋಲಾದ ಕಡಲ ಬದಿಯಲ್ಲಿ ಉಪ್ಪುಗಾಳಿಯೂ ಸೇರುತ್ತದೆ. ತುಕ್ಕು ತಿಂದ ನಳಿಗೆ ಒಳಗಿಂದೊಳಗೇ ತೆಳ್ಳಗಾಗುತ್ತದೆ, ಹೊರಗೆ ಹೊಳೆಯುತ್ತಿದ್ದರೂ. ಅದಕ್ಕೆ ಈಡು ಹೊಡೆದ ದಿನವೇ ನಿಪ್ಪಲ್ ಬಿಚ್ಚಿ, ಬಿಸಿನೀರು ಮತ್ತು ಸೋಪಿನಲ್ಲಿ ನಳಿಗೆ ತೊಳೆಯಿರಿ. ನೀರು ತಿಳಿಯಾಗಿ ಬರುವ ತನಕ ತೊಳೆದು, ಒಣಬಟ್ಟೆಯಿಂದ ಒರೆಸಿ, ಕೋವಿಗೆಂದೇ ಸಿಗುವ ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ಬಳಸದಿದ್ದರೂ ಆಗಾಗ ತೆಗೆದು ನೋಡಿ.

ಮದ್ದು ಥಂಡಿ ಹಿಡಿಯುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಅಡಿಕೆ ಬೇಯಿಸುವ ಒಲೆಯ ಹತ್ತಿರವೂ ಬೇಡ. ಒದ್ದೆಯಾದ ಮದ್ದನ್ನು ಬಾಣಲೆಯಲ್ಲಿ, ಬೆಂಕಿಯ ಪಕ್ಕದಲ್ಲಿ ಒಣಗಿಸಲೇಬೇಡಿ. ಕೆಟ್ಟ ಮದ್ದನ್ನು ಬಕೆಟ್ ತುಂಬ ನೀರಿಗೆ ಹಾಕಿ ಕರಗಿಸಿ, ದನಕರು ನೀರು ಕುಡಿಯದ, ಮೇಯದ ಜಾಗದಲ್ಲಿ ಗುಂಡಿ ತೋಡಿ ಸುರಿಯಿರಿ. ಅದರಲ್ಲಿರುವ ಪೆಟ್ಲುಪ್ಪು ದನಗಳಿಗೆ ವಿಷ. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ, ಕೋವಿ ಬೀಗದೊಳಗೆ. ಕೋವಿ ಇಡುವಾಗ ಖಾಲಿಯಾಗಿಯೇ ಇಡಿ. ಹಂದಿ ಬಂದಾಗ ತುಂಬಲು ಒಂದೆರಡು ನಿಮಿಷ ಹೋದರೆ ಹೋಗಲಿ, ಹಂದಿ ತಿಂದ ಗೆಡ್ಡೆ ಮತ್ತೆ ಬೆಳೆಯುತ್ತದೆ.

ಯಾವ ಕಡೆ ಹೊಡೆಯುವುದು

ನಮ್ಮ ತೋಟಗಳು ಕಣಿವೆಯಲ್ಲಿ, ಮನೆಗಳು ಮೇಲಿನ ಏರಿನಲ್ಲಿ. ಗುಂಡು ನೂರಾರು ಮೀಟರ್ ಹೋಗುತ್ತದೆ. ಹಿಂದೆ ಮಣ್ಣಿನ ಧರೆ ಇರುವ ಕಡೆ ಮಾತ್ರ ಬಾಯಿ ತಿರುಗಿರಲಿ. ರಾತ್ರಿ ಕಣ್ಣು ಹೊಳೆಯಿತು, ಸೊಪ್ಪು ಅಲ್ಲಾಡಿತು ಎಂದು ಹೊಡೆಯಬೇಡಿ. ಪಕ್ಕದ ತೋಟದವರೂ ಅದೇ ಹಂದಿ ಕಾಯಲು ಬಂದಿರುತ್ತಾರೆ, ಅವರ ದನವೂ ತಪ್ಪಿಸಿಕೊಂಡು ಬಂದಿರಬಹುದು. ಮಾಳಕ್ಕೆ ಹೋಗುವ ಮುಂಚೆ ಅಕ್ಕಪಕ್ಕದವರಿಗೆ ಫೋನು ಮಾಡಿ ತಿಳಿಸಿ. ಬೆದರಿಸಲು ಗುಂಡಿಲ್ಲದ ಈಡು ಸಾಕು. ಆದರೆ ಅದನ್ನೂ ಮನುಷ್ಯರ ಕಡೆ ಹಿಡಿಯಬಾರದು. ಹತ್ತಿರದಿಂದ ಬರೀ ಕತ್ತದ ಉಂಡೆಯೂ ಕಣ್ಣು ತೆಗೆಯಬಲ್ಲದು.

ಫೆಬ್ರವರಿಯಿಂದ ಮಳೆ ಬೀಳುವವರೆಗೆ ಇನ್ನೊಂದು ಭಯ. ಹೊಗೆಯಾಡುವ ಕತ್ತ ಒಣ ದರಕಿನ (ತರಗೆಲೆಯ) ಮೇಲೆ ಬಿದ್ದರೆ ಸೊಪ್ಪಿನ ಬೆಟ್ಟಕ್ಕೇ ಬೆಂಕಿ. ಈಡು ಹೊಡೆದ ಮೇಲೆ ಆ ಜಾಗಕ್ಕೆ ಹೋಗಿ, ಉಂಡೆ ಹುಡುಕಿ, ತುಳಿದು ಆರಿಸಿ ಬನ್ನಿ. ಕೇಪಿನ ಚೂರು ಹಾರುವುದರಿಂದ ಕನ್ನಡಕ ಹಾಕಿಕೊಳ್ಳಿ, ಕಿವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಇಯರ್‌ಪ್ಲಗ್. ಹತ್ತಿ ಸಾಲದು. ಗಾಯವಾದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನು ಮಾಡಿ. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬೇಡಿ, ಕೀಳಬೇಡಿ.

ಕಾಲಿಗೆ ಹಗ್ಗ ತಾಗಿದರೆ ತಾನೇ ಹಾರುವಂತೆ ಕೋವಿ ಕಟ್ಟಿಡುವ ಪದ್ಧತಿ ಕೆಲವೆಡೆ ಇದೆ. ಅದು ಅಪರಾಧ. ಸೊಪ್ಪಿಗೆ ಹೋದ ಹೆಂಗಸರೂ ಕಟ್ಟಿಗೆಗೆ ಹೋದ ಮಕ್ಕಳೂ ಅದೇ ದಾರಿಯಲ್ಲಿ ನಡೆಯುತ್ತಾರೆ.

ಕಾಗದಪತ್ರ

1959ರ ಆಯುಧ ಕಾಯಿದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಎಂದೇ ಹೇಳಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ. ನವೀಕರಣದ ತಾರೀಖನ್ನು ಗೋಡೆಯ ಪಂಚಾಂಗದಲ್ಲೇ ಗುರುತು ಮಾಡಿಡಿ. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಕಾಡುಪ್ರಾಣಿ ಕೊಂದರೆ ಕೇಸು. ಬೆಳೆ ಹಾನಿಯಾದರೆ ಫೋಟೋ ತೆಗೆದು ಹತ್ತಿರದ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ.

ಕೋವಿಯನ್ನು ನೆಂಟರಿಗೆ, ಆಳಿಗೆ ಕೊಟ್ಟು ಕಳಿಸುವ ಹಾಗಿಲ್ಲ. ಲೈಸೆನ್ಸ್ ಅಪ್ಪನ ಹೆಸರಲ್ಲಿದ್ದು ಅವರು ತೀರಿಹೋಗಿದ್ದರೆ ಕೋವಿ ಮನೆಯಲ್ಲಿ ಹಾಗೇ ಇಟ್ಟುಕೊಳ್ಳಬಾರದು. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮಾ ಮಾಡಿ, ರಸೀದಿ ಪಡೆದು, ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಅಂಥ ಕೋವಿಯ ಗಜ ಕಳೆದುಹೋಗಿದ್ದು, ತುಂಬಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಬೈಕಿನ ಹಿಂದೆ ಕಟ್ಟಿಕೊಂಡು ಹೊರಡಬೇಡಿ. ಇದ್ದಲ್ಲೇ ಬಿಟ್ಟು, ಆ ಕೋಣೆಗೆ ಬೀಗ ಹಾಕಿ, ಠಾಣೆಗೆ ಫೋನು ಮಾಡಿ. "ಹಳೇ ಕೇಪಿನ ಕೋವಿ ಇದೆ, ತುಂಬಿರಬಹುದು" ಎಂದು ಸ್ಪಷ್ಟವಾಗಿ ಹೇಳಿ, ಗೊತ್ತಿರುವವರನ್ನು ಮನೆಗೇ ಕಳಿಸುವಂತೆ ಕೇಳಿಕೊಳ್ಳಿ.